ಇಬ್ಬರೂ ಒಪ್ಪಿ ಮಾಡಿದ ಕೊಲೆ

ಸಿನಿಮಾದ ವಿಷಯ ಬರೆಯಲು ಹೊರಟವನು ಮೊದಲು ತನ್ನ ಅರ್ಹತೆ ಹೇಳಬೇಕು. ನನ್ನದು ಇಷ್ಟೇ: ನಾನು ಜೀವಮಾನದಲ್ಲಿ ಹೆಚ್ಚಾಗಿ ನೋಡಿರುವುದು ಸಿನಿಮಾಗಳನ್ನಲ್ಲ, ಇಂಟರ್ವಲ್‌ಗಳನ್ನು. ಕಾಲೇಜೊಂದರ ಹುಡುಗರ ಹಾಸ್ಟೆಲಿಗೆ ವಾರ್ಡನ್ ಆಗಿದ್ದವನಿಗೆ ಥಿಯೇಟರಿನಲ್ಲಿ ಕೆಲಸವಿರುವುದು ದೀಪ ಹತ್ತಿದಾಗ ಮಾತ್ರ. ಬಾಗಿಲ ಬಳಿ ನಿಲ್ಲುವುದು, ಕಡಲೆ ಪೊಟ್ಟಣಕ್ಕಾಗಿ ಹೊರಬರುವ ಮುಖಗಳನ್ನು ಗುರುತಿಸುವುದು, ಮತ್ತೆ ದೀಪ ಆರುವ ಮೊದಲು ಆ ಮುಖಗಳ ಜೊತೆ ಹಾಸ್ಟೆಲಿನ ದಾರಿ ಹಿಡಿಯುವುದು. ಹೀಗಾಗಿ ಆ ಕಾಲದ ಎಲ್ಲ ದೊಡ್ಡ ಚಿತ್ರಗಳ ಮಧ್ಯಭಾಗ ನನಗೆ ಗೊತ್ತು. ನಾಯಕ ಬಂದೂಕು ಎತ್ತಿದ್ದಾನೆ, ನಾಯಕಿ ಕಿರುಚಿದ್ದಾಳೆ, ಪರದೆಯ ಮೇಲೆ ವಿರಾಮ ಎಂದು ಬಂದಿದೆ. ಗುಂಡು ಯಾರಿಗೆ ತಾಗಿತು ಎಂದು ನಾನು ಕೇಳಿದವನಲ್ಲ. ನನ್ನ ಮುಂದೆ ತಲೆ ತಗ್ಗಿಸಿ ನಡೆಯುತ್ತಿದ್ದ ಹುಡುಗರಿಗೂ ಗೊತ್ತಿರಲಿಲ್ಲ. ಅವರ ಮುಖ ಅಷ್ಟು ಸಪ್ಪಗಾಗುತ್ತಿದ್ದುದು ನನ್ನ ಹೆದರಿಕೆಯಿಂದ ಎಂದು ಆಗ ತಿಳಿದಿದ್ದೆ. ಆ ಗುಂಡಿನ ಚಿಂತೆಯಿಂದ ಇರಬೇಕು ಎಂದು ಈಗ ಅನಿಸುತ್ತದೆ.

ನಿವೃತ್ತನಾಗಿ ಮಣ್ಣಗುಡ್ಡದ ಫ್ಲ್ಯಾಟಿಗೆ ಬಂದ ಮೇಲೂ, ಗಂಟೆ ಹೊಡೆಯುವ ಜವಾನನಿಲ್ಲ ಎಂಬುದನ್ನು ಬಿಟ್ಟರೆ, ನನ್ನ ದಿನಚರಿ ಹಾಸ್ಟೆಲಿನದೇ. ಏಳುವುದು, ನಡೆಯುವುದು, ಓದುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ಅದರದರ ಹೊತ್ತುಂಟು. ಈಗ ನನ್ನ ಸುಪರ್ದಿನಲ್ಲಿ ಉಳಿದಿರುವುದು ಒಬ್ಬಳೇ ವಿದ್ಯಾರ್ಥಿನಿ, ಹೆಂಡತಿ ವಾರಿಜ. ಇಷ್ಟು ವರ್ಷವಾದರೂ ಶಿಸ್ತಿಗೆ ಬಗ್ಗಿದವಳಲ್ಲ. ಮಧ್ಯಾಹ್ನದ ಊಟ ಮುಗಿಸಿ ನಾನು ಒರಗಿದ ಹೊತ್ತಿನಲ್ಲಿ ನಮ್ಮ ಮನೆಯ ಕರೆಗಂಟೆ ಬಾರಿಸಬಾರದು ಎಂಬುದು ನೆಂಟರಿಗೆಲ್ಲ ಗೊತ್ತು. ಗೊತ್ತಿದ್ದೂ ಒಂದು ದಿನ ನನ್ನ ತಂಗಿ ಸುಲೋಚನ ಅದನ್ನು ಬಾರಿಸಿದಳು. ಒಮ್ಮೆ ಅಲ್ಲ, ಬಾಗಿಲು ತೆರೆಯುವ ತನಕ.

ಕಾಟಿಪಳ್ಳದಿಂದ ಬಸ್ಸು ಹತ್ತಿ ಬಂದವಳು ಚಪ್ಪಲಿ ಬಿಡುವ ಮೊದಲೇ ಮಾತು ಶುರು ಮಾಡಿದ್ದಳು.

"ಅಣ್ಣ, ನೀನು ಮಲಗಿದ್ದು ಸಾಕು. ಈ ಸಂಬಂಧ ಬೇಡ ಅಂತ ನೀನೇ ಹೇಳಬೇಕು. ನಾನು ಹೇಳಿದ್ರೆ ಅವಳು ಕೇಳುವುದಿಲ್ಲ."

ಅವಳು ಎಂದರೆ ಸುಲೋಚನಳ ಮಗಳು ದೀಕ್ಷಾ. ಹಲ್ಲಿನ ಡಾಕ್ಟರು. ಬಂದ ಗಂಡುಗಳನ್ನೆಲ್ಲ ಒಂದೊಂದು ಕಾರಣ ಹೇಳಿ ಕಳಿಸಿ, ಇನ್ನು ಮದುವೆಯ ಮಾತು ಎತ್ತಬೇಡಿ ಎಂದವಳು. ಕೊನೆಗೆ ಈಗ ಒಬ್ಬನನ್ನು ಒಪ್ಪಿದ್ದಾಳೆ. ಹುಡುಗನ ಹೆಸರು ಶ್ರವಣ, ಒಳ್ಳೆಯ ಮನೆತನ, ಬಸ್‌ಸ್ಟ್ಯಾಂಡಿನ ಹತ್ತಿರ ಕೆಳಗೆ ಹೋಟೆಲು, ಮೇಲೆ ಲಾಡ್ಜು. ಇಷ್ಟು ನನಗೆ ಮೊದಲೇ ಗೊತ್ತಿತ್ತು. ಮತ್ತೆ ಬೇಡ ಎನ್ನಲು ಎಂಥದು ಬಂತು?

"ಇಬ್ಬರೂ ಮೊದಲ ಸಲ ಮಾತಾಡಿದ್ದು ಐಸ್‌ಕ್ರೀಮಿನ ಅಂಗಡಿಯಲ್ಲಿ. ನಾನೂ ಅವನ ಚಿಕ್ಕಮ್ಮನೂ ಪಕ್ಕದ ಟೇಬಲಲ್ಲಿ ಕೂತಿದ್ದೆವು. ಕೆಲಸದ ವಿಷಯ ಇಲ್ಲ, ಮನೆಯ ವಿಷಯ ಇಲ್ಲ. ಯಾವುದೋ ದೇಶದಲ್ಲಿ ಗಂಡ ಹೆಂಡತಿ ಸೇರಿ ಜನರನ್ನು ಕೊಂದದ್ದಂತೆ, ಅದರ ಮೇಲೆ ಸಿನಿಮಾ ಬಂದದ್ದಂತೆ, ಒಂದಲ್ಲ, ಮೂರು! ಅದೇ ಮಾತು. ಹೆಣ ಎಲ್ಲಿ ಹೂತದ್ದು ಅಂತ ಅವನು ಕೇಳ್ತಾನೆ. ಇವಳು ಗಡ್‌ಬಡ್ ಗ್ಲಾಸಿನಲ್ಲಿ ಚಮಚ ಹಾಕಿ ತೋರಿಸ್ತಾಳೆ. ಮೇಲಿನ ಐಸ್‌ಕ್ರೀಮು ಲಾಡ್ಜಿನ ರೂಮು, ನಡುವಿನ ಹಣ್ಣು ಅಡಿಗೆಮನೆ, ಅಡಿಯಲ್ಲಿ ಜೆಲ್ಲಿ ಉಂಟಲ್ಲ, ಅದು ಹೆಣ!"

"ಲಾಡ್ಜಾ?" ಎಂದಳು ವಾರಿಜ, ಆಸಕ್ತಿಯಿಂದ.

"ಹೌದು ಅತ್ತಿಗೆ, ಆ ಕೊಲೆಗಾರರದ್ದು ಕೂಡ ಲಾಡ್ಜು! ನೀವೇ ಯೋಚನೆ ಮಾಡಿ. ಒಬ್ಬಳ ಕೈಯಲ್ಲಿ ಇಂಜೆಕ್ಷನ್, ಒಬ್ಬನ ಕೈಯಲ್ಲಿ ರೂಮಿನ ಕೀ. ನಾಳೆ ಇವರಿಬ್ಬರು ಎಂತ ಮಾಡಿಯಾರು?"

ನಾನು ನಗಲಿಲ್ಲ. ವಾರ್ಡನ್ ಆದವನು ನಗುವ ಅಭ್ಯಾಸವನ್ನು ಮೊದಲ ವರ್ಷವೇ ಬಿಡಬೇಕಾಗುತ್ತದೆ. ವಾರಿಜ ನನ್ನ ಪಾಲಿನದನ್ನೂ ಸೇರಿಸಿ ನಕ್ಕಳು. ಸುಲೋಚನಳ ಕಣ್ಣಲ್ಲಿ ನೀರು ಬಂತು. ಅದು ನಾಟಕದ ನೀರಲ್ಲ. ಒಬ್ಬಳೇ ಮಗಳು. ಗಂಡ ಕುವೈತಿನಲ್ಲಿ. ಅವನು ಫೋನಿನಲ್ಲಿ "ಭಾವ ಹೇಳಿದ ಹಾಗೆ ಆಗಲಿ" ಎಂದು ಹೇಳಿ ನಿಶ್ಚಿಂತನಾಗಿದ್ದಾನೆ. ಮಗಳು ಅದಕ್ಕಿಂತ ಮುಂದೆ ಹೋಗಿ, "ಮಾಮ ಬೇಡ ಅಂದ್ರೆ ಬೇಡ. ಆದರೆ ಮತ್ತೆ ಯಾರನ್ನೂ ತೋರಿಸಬೇಡಿ, ನನಗೆ ಮದುವೆಯೇ ಬೇಡ" ಎಂದಿದ್ದಾಳೆ. ಬರುವ ಆದಿತ್ಯವಾರ ಹುಡುಗನ ಕಡೆಯವರು ನಮ್ಮ ಮನೆಗೆ ಮಾತಿಗೆ ಬರುವವರಿದ್ದರು. ಅಷ್ಟರೊಳಗೆ ನಾನು ಒಂದು ತೀರ್ಮಾನಕ್ಕೆ ಬರಬೇಕಿತ್ತು.

ಇಲ್ಲಿ ನಮ್ಮ ಕಡೆಯ ಪದ್ಧತಿಯ ಬಗ್ಗೆ ಒಂದು ಮಾತು ಹೇಳದಿದ್ದರೆ ಘಟ್ಟದ ಮೇಲಿನ ಓದುಗರಿಗೆ ಇದು ಅರ್ಥವಾಗಲಿಕ್ಕಿಲ್ಲ. ನಮ್ಮದು ಅಳಿಯಕಟ್ಟಿನ ಮನೆತನ. ಮನೆ ಹೆಣ್ಣಿನದು, ಯಜಮಾನಿಕೆ ಅವಳ ಅಣ್ಣತಮ್ಮಂದಿರದು. ಮಕ್ಕಳ ಮಟ್ಟಿಗೆ ಅಪ್ಪನೆಂದರೆ ಪ್ರೀತಿಯ ಅತಿಥಿ, ಸೋದರಮಾವನೇ ಸರಕಾರ. ಅವನನ್ನು ತುಳುವಿನಲ್ಲಿ ತಮ್ಮಲೆ ಎನ್ನುತ್ತಾರೆ. ಹಿಂದೆ ತಮ್ಮಲೆ ಕೆಮ್ಮಿದರೆ ಅಂಗಳದ ಕೋಳಿ ಕೂಡ ನಡಿಗೆ ನಿಧಾನ ಮಾಡುತ್ತಿತ್ತಂತೆ. ಆಮೇಲೆ ಕಾನೂನು ಬಂತು, ಆಸ್ತಿ ಪಾಲಾಯಿತು, ಅಪ್ಪಂದಿರು ಒಬ್ಬೊಬ್ಬರಾಗಿ ಅಪ್ಪಂದಿರಾದರು. ಮಾವಂದಿರಿಗೆ ಉಳಿದದ್ದು ಎರಡೇ ಹಕ್ಕು. ಮದುವೆಯ ಮಾತಿನ ದಿನ ಒಳ್ಳೆಯ ಕುರ್ಚಿಯಲ್ಲಿ ಕೂರುವುದು, ಕೊನೆಗೆ "ಆಗಬಹುದು" ಎನ್ನುವುದು. ಸಾಮಾನ್ಯವಾಗಿ ಎಲ್ಲ ನಿಶ್ಚಯವಾದ ಮೇಲೆಯೇ ನಮ್ಮ ಒಪ್ಪಿಗೆ ಕೇಳುವುದು. ಮದುವೆ ಮಂಟಪಕ್ಕೆ ಹೂ ಹಾಕುವ ಹಾಗೆ ಅದೂ ಒಂದು ಅಲಂಕಾರ. ಈ ಸಲ ನನ್ನ "ಆಗಬಹುದು" ಎಂಬುದಕ್ಕೆ ನಿಜವಾದ ತೂಕ ಬಂದಿತ್ತು. ಅಲಂಕಾರಕ್ಕೆ ತೂಗುಹಾಕಿದ ಹಳೆಯ ಕತ್ತಿಯನ್ನು ಇಳಿಸಿ ಕೈಗೆ ಕೊಟ್ಟರೆ ಹೇಗಾಗುತ್ತದೋ ಹಾಗೆ ಆಯಿತು ನನಗೆ. ತುಕ್ಕು ಹಿಡಿದಿದೆಯೋ ಇಲ್ಲವೋ ಎಂದು ಎಳೆದು ನೋಡುವ ಆಸೆ ಇಲ್ಲದಿರಲಿಲ್ಲ.

ಆದರೆ ನಾನು ವಿಚಾರಿಸದೆ ಶಿಕ್ಷೆ ಕೊಟ್ಟವನಲ್ಲ. ಸಾಕ್ಷ್ಯ ನೋಡಬೇಕು. ಸಾಕ್ಷ್ಯವೆಂದರೆ ಆ ಮೂರು ಸಿನಿಮಾಗಳು. ದೀಕ್ಷಾಳಿಗೆ ಫೋನು ಮಾಡಿ, "ಅವುಗಳನ್ನು ನಮ್ಮ ಟಿವಿಯಲ್ಲಿ ಬರುವ ಹಾಗೆ ಮಾಡಿಕೊಡು" ಎಂದೆ. "ಮಾಮ, ನೀವು ಸಿನಿಮಾ ನೋಡ್ತೀರಾ? ಪೂರ್ತಿ?" ಎಂದಳು.

ಹೀಗೆ ನನ್ನ ಮಧ್ಯಾಹ್ನದ ನಿದ್ದೆ ಹೋಯಿತು. ದಿನಕ್ಕೊಂದರಂತೆ, ಅವು ಬಿಡುಗಡೆಯಾದ ಕ್ರಮದಲ್ಲೇ ನೋಡುವುದು ಎಂದು ನಿಯಮ ಮಾಡಿದೆ. ವಾರಿಜ ಬಸಳೆ ಚಿವುಟುವ ತಟ್ಟೆ ಹಿಡಿದು ಪಕ್ಕದಲ್ಲಿ ಕೂತಳು.

ನಡೆದ ಸಂಗತಿ ಇಷ್ಟು. ದೂರದ ಒಂದು ಚಳಿದೇಶ. ರೈಲುಗಳು ಬದಲಾಗುವ ಒಂದು ಊರು. ಅಲ್ಲೊಂದು ಗಂಡ ಹೆಂಡತಿ, ಅವರದೊಂದು ಸಣ್ಣ ವಸತಿಗೃಹ. ಒಂಟಿಯಾಗಿ ಬಂದ ಪ್ರಯಾಣಿಕರು ರಾತ್ರಿ ಊಟ ಮಾಡಿ ಮೇಲೆ ಹೋಗುತ್ತಾರೆ, ಬೆಳಗಿನ ತಿಂಡಿಗೆ ಕೆಳಗೆ ಬರುವುದಿಲ್ಲ. ಕೊನೆಗೊಮ್ಮೆ ಸಿಕ್ಕಿಬಿದ್ದರು. ಇಬ್ಬರಿಗೂ ಗಲ್ಲು. ತೀರ್ಪು ಓದಿದಾಗ ಆ ಹೆಂಗಸು ಗಂಡನ ಕಡೆ ತಿರುಗಿ ನಕ್ಕಳಂತೆ. ಇದು ನಿಜವಾಗಿ ನಡೆದದ್ದು ಎಂದು ಮೂರು ಸಿನಿಮಾಗಳೂ ಆರಂಭದಲ್ಲೇ ದೊಡ್ಡಕ್ಷರದಲ್ಲಿ ಹೇಳುತ್ತವೆ. ಆಮೇಲೆ ಒಂದಕ್ಕೊಂದು ಸಂಬಂಧವಿಲ್ಲ.

ಮೊದಲನೆಯದು ಕಪ್ಪು ಬಿಳುಪು. ಇದರಲ್ಲಿ ಕೊಲೆಗಳೇ ಕಾಣುವುದಿಲ್ಲ. ಮುಚ್ಚಿದ ಬಾಗಿಲು, ಬಾಗಿಲ ಅಡಿಯಿಂದ ಒಂದು ಗೆರೆ ಬೆಳಕು, ಮೆಟ್ಟಿಲ ಮೇಲೆ ಕೂತು ಉಣ್ಣೆ ಹೆಣೆಯುವ ಹೆಂಗಸು. ಬೆಳಕು ಆರಿದಾಗ ಅವಳು ಹೆಣೆಯುವುದನ್ನು ನಿಲ್ಲಿಸಿ ಏಳುತ್ತಾಳೆ, ಅಷ್ಟೆ. ಇಬ್ಬರೂ ಬಡವರು, ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ. ಅವರ ಕೆಲಸವನ್ನು ಮರೆತರೆ, ಅಷ್ಟು ಅನ್ಯೋನ್ಯವಾದ ದಾಂಪತ್ಯವನ್ನು ನಾನು ನಮ್ಮ ಇಡೀ ಕಟ್ಟಡದಲ್ಲಿ ಕಂಡಿಲ್ಲ. ಕೊನೆಯ ನಗು ಪ್ರೀತಿಯ ನಗು. ನನಗೆ ಈ ಸಿನಿಮಾ ಮನಸ್ಸಿಗೆ ಹಿಡಿಸಿತು, ಆದರೆ ಅದನ್ನು ಬಾಯಿ ಬಿಟ್ಟು ಹೇಳಲಿಲ್ಲ. ವಿಚಾರಣೆ ಮುಗಿಯುವ ತನಕ ಅಭಿಪ್ರಾಯ ಹೇಳುವ ಕ್ರಮವಿಲ್ಲ. ವಾರಿಜ ಹೇಳಿದ್ದು ಬೇರೆಯೇ.

"ಪಾಪ, ಆ ಹೆಂಗಸಿಗೆ ಎಷ್ಟು ಕೆಲಸ! ಅಡಿಗೆ ಇವಳೇ, ಬಡಿಸುವುದು ಇವಳೇ, ಆಮೇಲೆ ನೆಲ ಒರೆಸುವುದು, ಹಾಸಿಗೆ ಬಟ್ಟೆ ಒಗೆಯುವುದು ಕೂಡ ಇವಳೇ. ಗಂಡ ಎಂತ ಮಾಡಿದ? ಕುತ್ತಿಗೆ ಹಿಸುಕಿದ, ಅಷ್ಟೇ. ಮತ್ತೆ ಪೇಪರಲ್ಲಿ ಅವನ ಫೋಟೋ ದೊಡ್ಡದು!"

ಎರಡನೆಯದು ಬಣ್ಣದ್ದು. ಇದರಲ್ಲಿ ಗಂಡ ಹಸು, ಹೆಂಡತಿ ಹುಲಿ. ಚಿತ್ರದ ಕೊನೆಗೆ ನಿಜವಾದ ದಂಪತಿಯ ಹಳೆಯ ಫೋಟೋ ತೋರಿಸುತ್ತಾರೆ. ಆ ಹೆಂಗಸು ದಪ್ಪ ಕನ್ನಡಕ ಹಾಕಿಕೊಂಡು, ಸಹಕಾರಿ ಸಂಘದ ಕೌಂಟರಿನಲ್ಲಿ ಕೂತವರ ಹಾಗಿದ್ದಾಳೆ. ಅವಳ ಪಾತ್ರಕ್ಕೆ ಹಾಕಿದ್ದು ಒಬ್ಬ ಅಪ್ಸರೆಯನ್ನು. ಬೆಳಗಾತ ಒಲೆ ಹಚ್ಚುವಾಗಲೂ ಅವಳ ತುಟಿಗೆ ಬಣ್ಣ. "ಎಂತ ಸಾವು, ಹೊಗೆಗೆ ಒಮ್ಮೆಯೂ ಕೆಮ್ಮುವುದಿಲ್ಲವಲ್ಲ ಇವಳು" ಎಂದಳು ವಾರಿಜ. ಕೊನೆಯ ನಗು ಇಲ್ಲಿ ವಿಷದ ನಗು. ಇಬ್ಬರೂ ಕೂಡಿ ತಪ್ಪು ಮಾಡಿದರೆ ಹೆಣ್ಣನ್ನು ಮುಂದೆ ನಿಲ್ಲಿಸುವ ಚಾಳಿ ಎಲ್ಲ ದೇಶದಲ್ಲೂ ಉಂಟೆಂದು ಕಂಡು ಸಮಾಧಾನವಾಯಿತೋ ಬೇಸರವಾಯಿತೋ, ಈಗ ನೆನಪಿಲ್ಲ.

ಮೂರನೆಯದು ಈಚಿನದು. ಈಚಿನ ಸಿನಿಮಾಗಳಲ್ಲಿ ಬೆಳಕಿಗೆ ರೇಷನ್ ಇರುವಂತೆ ಕಾಣುತ್ತದೆ. ಕಿಟಕಿ ಪರದೆ ಎಳೆದು, ಕನ್ನಡಕ ಒರೆಸಿ, ಕೊನೆಗೆ ಟಿವಿಯ ಹತ್ತಿರ ಹೋಗಿ ನಿಂತರೂ ಯಾರು ಯಾರನ್ನು ಕೊಂದರೆಂದು ಸ್ಪಷ್ಟವಾಗಲಿಲ್ಲ. ಆದರೆ ಕಾರಣ ಸ್ಪಷ್ಟವಿತ್ತು. ಅವನಿಗೆ ಬಾಲ್ಯದಲ್ಲಿ ಅಪ್ಪ ಹೊಡೆದಿದ್ದ, ಅವಳನ್ನು ಬಾಲ್ಯದಲ್ಲಿ ಅಮ್ಮ ಕಪಾಟಿನಲ್ಲಿ ಕೂಡಿಹಾಕಿದ್ದಳು. ಇದನ್ನು ಒಪ್ಪುವುದಾದರೆ ನಮ್ಮ ಹಾಸ್ಟೆಲಿನ ಮೆಸ್ಸಿನ ಸಾಂಬಾರು ಉಂಡ ತಲೆಮಾರುಗಳೆಲ್ಲ ಇಷ್ಟರಲ್ಲಿ ಗಲ್ಲಿಗೇರಬೇಕಿತ್ತು. ಅವರೆಲ್ಲ ಇಂಜಿನಿಯರುಗಳಾಗಿದ್ದಾರೆ. ಒಂದು ವಿಷಯ ಮಾತ್ರ ಹೇಳಬೇಕು. ಈ ಚಿತ್ರದಲ್ಲಿ ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಗಡಿಯಾರ ಬಾರಿಸಿದ ಕೂಡಲೇ ಕೊಲೆ, ಆಮೇಲೆ ಹೊದಿಕೆ ಮಡಚಿಡುವುದು, ಪಾತ್ರೆ ಮಗುಚಿಡುವುದು. ಕೊನೆಯ ನಗುವನ್ನು ತೋರಿಸುವುದೇ ಇಲ್ಲ. ಕ್ಯಾಮರಾ ಗೋಡೆ ನೋಡುತ್ತದೆ. ನಾವೂ ನೋಡಿದೆವು.

ಒಂದೇ ಸಂಗತಿ ಮೂರು ಬಗೆಯಾದದ್ದಕ್ಕೆ ನಾನು ಆಶ್ಚರ್ಯಪಡಲಿಲ್ಲ. ಯಕ್ಷಗಾನ ಕಂಡ ಊರಿನವರಿಗೆ ಇದು ಹೊಸತಲ್ಲ. ಪ್ರಸಂಗ ಅದೇ, ಪದ್ಯ ಅದೇ. ಒಂದು ಮೇಳದ ವೇಷಧಾರಿ ರಾಕ್ಷಸನ ಬಾಯಲ್ಲಿ ಚೆಂದದ ಮಾತು ಆಡಿಸಿದರೆ ಅವನು ಸತ್ತಾಗ ಸಭೆ ಕಣ್ಣೊರೆಸಿಕೊಳ್ಳುತ್ತದೆ, ಇನ್ನೊಂದು ಮೇಳದಲ್ಲಿ ಅದೇ ರಾಕ್ಷಸ ಸತ್ತಾಗ ಸೀಟಿ ಬೀಳುತ್ತದೆ. ನನ್ನನ್ನು ಯೋಚನೆಗೆ ಹಚ್ಚಿದ್ದು ಬೇರೆ. ನಮ್ಮ ಪುರಾಣದಲ್ಲೂ ಅತಿಥಿಗಳನ್ನು ಕರೆದು ಕೊಲ್ಲುವವರಿದ್ದಾರೆ. ಇಬ್ಬರು ರಾಕ್ಷಸರು, ಒಬ್ಬ ಆಡಾಗಿ ಬೇಯುವುದು, ಇನ್ನೊಬ್ಬ ಅದನ್ನು ಬಡಿಸಿ, ಊಟವಾದ ಮೇಲೆ ಹೊಟ್ಟೆ ಸೀಳಿ ಹೊರಗೆ ಬಾ ಎಂದು ಕರೆಯುವುದು. ಆದರೆ ಗಮನಿಸಿ, ಅವರು ಅಣ್ಣತಮ್ಮಂದಿರು. ನಮ್ಮ ಪುರಾಣಿಕರು ಇಂಥ ಕೂಡುಕೆಲಸವನ್ನು ಹೆಚ್ಚಾಗಿ ಅಣ್ಣತಮ್ಮಂದಿರಿಗೇ ವಹಿಸಿದ್ದಾರೆ. ಗಂಡ ಹೆಂಡತಿಗೆ ಕೊಟ್ಟದ್ದು ನನ್ನ ನೆನಪಿಗೆ ಬರುವುದಿಲ್ಲ. ಅವರು ಸಂಸಾರಸ್ಥರು, ಅನುಭವಿಗಳು. ಏನೋ ಕಾರಣ ಇರಲೇಬೇಕು ಎಂದುಕೊಂಡೆ. ಆ ಕಾರಣ ಆಗ ಹೊಳೆಯಲಿಲ್ಲ.

ಸಾಕ್ಷ್ಯವಾಯಿತು. ಇನ್ನು ಹೇಳಿಕೆ.

ಹಾಸ್ಟೆಲಿನಲ್ಲಿ ಇಬ್ಬರು ಕೂಡಿ ತಪ್ಪು ಮಾಡಿದರೆಂಬ ಸಂಶಯ ಬಂದರೆ ನನ್ನದೊಂದು ಕ್ರಮವಿತ್ತು. ಇಬ್ಬರನ್ನೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಒಂದೇ ಪ್ರಶ್ನೆ ಕೇಳುವುದು. ಉತ್ತರ ಬೇರೆ ಬೇರೆ ಬಂದರೆ ಬಿಟ್ಟುಬಿಡುತ್ತಿದ್ದೆ. ಹೊಸ ವಾರ್ಡನ್‌ಗಳು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಅವರಿಗೆ ಅನುಭವ ಸಾಲದು. ನಿಜ ಹೇಳುವ ಇಬ್ಬರ ಮಾತು ಎಂದೂ ಪೂರ್ತಿ ಕೂಡುವುದಿಲ್ಲ. ಒಬ್ಬನಿಗೆ ಮಳೆ ನೆನಪಿರುತ್ತದೆ, ಇನ್ನೊಬ್ಬನಿಗೆ ಹಸಿವು. ಮಾತು ಅಕ್ಷರಕ್ಕಕ್ಷರ ಕೂಡಿತೋ, ಅದು ಮೊದಲೇ ಕೂತು ಹೊಂದಿಸಿದ್ದು. ಒಮ್ಮೆ ಇಬ್ಬರು, ಹಲ್ಲುನೋವೆಂದು ಹೊರಗೆ ಹೋಗಿದ್ದೆವು ಎಂದರು. ಯಾವ ಹಲ್ಲು ಎಂದು ಬೇರೆ ಬೇರೆಯಾಗಿ ಕೇಳಿದೆ. ಇಬ್ಬರಿಗೂ ಎಡಗಡೆಯ ಕೆಳದವಡೆ. ಅಂಥ ಸ್ನೇಹ ಲೋಕದಲ್ಲಿಲ್ಲ.

ಶನಿವಾರ ದೀಕ್ಷಾಳನ್ನೂ ಶ್ರವಣನನ್ನೂ ಚಹಾಕ್ಕೆ ಕರೆದೆ. ಹುಡುಗ ಎತ್ತರಕ್ಕೆ, ಸಾಧು ಮುಖದವನು. ಕೂರು ಎಂದರೆ ಸೋಫಾದ ತುದಿಯಲ್ಲಿ ಕೂತ. ಅವನನ್ನು ಅಲ್ಲಿಯೇ ಬಿಟ್ಟು ದೀಕ್ಷಾಳನ್ನು ಬಾಲ್ಕನಿಗೆ ಕರೆದೊಯ್ದು ಕೇಳಿದೆ, "ಮೂರರಲ್ಲಿ ಯಾವುದು ಒಳ್ಳೆಯದು?"

"ಮೂರನೆಯದು ಮಾಮ. ಅದರಲ್ಲಿ ಒಂದು ಶಿಸ್ತು ಉಂಟು. ಎಲ್ಲ ವ್ಯವಸ್ಥಿತವಾಗಿ ಉಂಟು."

ಅವಳನ್ನು ಅಡಿಗೆಮನೆಗೆ ಕಳಿಸಿ ಒಳಗೆ ಬಂದು ಹುಡುಗನನ್ನು ಕೇಳಿದೆ.

"ಮೂರನೆಯದು ಅಂಕಲ್. ಅದರಲ್ಲಿ ಒಂದು ಶಿಸ್ತು ಉಂಟು. ಎಲ್ಲ ವ್ಯವಸ್ಥಿತವಾಗಿ ಉಂಟು."

ಎಡಗಡೆಯ ಕೆಳದವಡೆ! ಇಬ್ಬರನ್ನೂ ಮತ್ತೆ ಬೇರೆ ಬೇರೆಯಾಗಿ ಇನ್ನೊಂದು ಪ್ರಶ್ನೆ ಕೇಳಿದೆ, ತಪ್ಪು ಯಾರದು ಹೆಚ್ಚು, ಗಂಡನದೋ ಹೆಂಡತಿಯದೋ? ಅಲ್ಲಿಯೂ ಒಂದೇ ಉತ್ತರ, ಒಂದೇ ಕಡೆ ಉಸಿರು ನಿಲ್ಲಿಸಿದ್ದು ಕೂಡ. "ಇಬ್ಬರದೂ ಸಮ."

ಅವರು ಹೋದ ಮೇಲೆ ವಾರಿಜಳಿಗೆ ಹೇಳಿದೆ, "ಸುಲೋಚನ ಹೇಳಿದ್ದರಲ್ಲಿ ಅರ್ಥ ಉಂಟು. ಇವರಿಬ್ಬರದು ಒಂದೇ ಮನಸ್ಸು, ಒಂದೇ ಬಾಯಿ. ಇದು ಒಳ್ಳೆಯದಲ್ಲ."

"ಮದುವೆಯಲ್ಲಿ ಭಟ್ಟರು ಆಶೀರ್ವಾದ ಮಾಡುವುದೇ ಒಂದೇ ಮನಸ್ಸಿರಲಿ ಅಂತ. ನೀವು ಅದಕ್ಕೇ ಮದುವೆ ನಿಲ್ಲಿಸ್ತೀರಾ?" ಎಂದಳು ಅವಳು. "ಆ ಹುಡುಗಿ ಇಲ್ಲಿಂದ ಹೋಗುವಾಗ ಮುಖ ನೋಡಿದಿರಾ? ಪರೀಕ್ಷೆ ಬರೆದವರ ಹಾಗೆ ಇತ್ತು."

ನೋಡಿದ್ದೆ. ಅದೇ ನನಗೆ ಕಷ್ಟವಾದದ್ದು. ಇವಳು ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಕುದ್ರೋಳಿಯ ದಸರೆ ನೋಡಿದವಳು. ನಾನು ಬೇಡವೆಂದರೆ ಒಂದು ಮಾತು ಎದುರಾಡದೆ ಬಾಗಿಲು ಹಾಕಿಕೊಳ್ಳುವವಳು. ಎದುರಾಡುವವರನ್ನು ನಿಭಾಯಿಸಲು ವಾರ್ಡನ್ನನಿಗೆ ಗೊತ್ತು. ಸುಮ್ಮನೆ ಒಪ್ಪಿಕೊಳ್ಳುವವರ ಮುಂದೆ ಅವನ ವಿದ್ಯೆ ನಡೆಯುವುದಿಲ್ಲ. ಆದರೆ ನಲವತ್ತು ಕೋಣೆಗಳ ಹಾಸ್ಟೆಲಿನಲ್ಲಿ ಒಮ್ಮೆಯೂ ಸುಳ್ಳಾಗದ ನಿಯಮವನ್ನು ತಂಗಿಯ ಮಗಳೆಂದು ಸಡಿಲಿಸುವುದು ಹೇಗೆ? ಬೇಡ ಎನ್ನುವುದೆಂದೇ ತೀರ್ಮಾನಿಸಿದೆ. ಅದನ್ನು ಯಾವ ಮಾತಿನಲ್ಲಿ ಹೇಳುವುದೆಂದು ಮಾತ್ರ ತೋಚಲಿಲ್ಲ.

ಆದಿತ್ಯವಾರ ಹುಡುಗನ ಕಡೆಯವರು ಬಂದರು. ಅವನ ಅಮ್ಮ, ಚಿಕ್ಕಮ್ಮ, ಅವರಿಗೆಲ್ಲ ಮುಂದಾಗಿ ಅವನ ಸೋದರಮಾವ. ಆ ಲಾಡ್ಜು ಹೋಟೆಲುಗಳನ್ನೆಲ್ಲ ನೋಡಿಕೊಳ್ಳುವ ದೊಡ್ಡ ದೇಹದ ಮನುಷ್ಯ. ನಮ್ಮ ಮನೆಯಲ್ಲಿ ಒಳ್ಳೆಯ ಕುರ್ಚಿ ಇರುವುದು ಒಂದೇ. ಎರಡು ಮನೆಯ ತಮ್ಮಲೆಗಳೂ ಅದನ್ನು ಒಮ್ಮೆ ನೋಡಿದೆವು. ಅತಿಥಿಯೆಂದು ಅವರಿಗೆ ಬಿಟ್ಟೆ. ಗೋಳಿಬಜೆ ಬಂತು, ಚಟ್ನಿ ಬಂತು, ಊರಿನ ಸೆಕೆಯ ಮಾತಾಯಿತು, ರಸ್ತೆ ಅಗೆದ ಮಾತಾಯಿತು. ದೀಕ್ಷಾ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಹುಡುಗ ನೆಲ ನೋಡುತ್ತಿದ್ದ. ಕೊನೆಗೆ ಆ ಮಾವ ಗಂಟಲು ಸರಿಮಾಡಿಕೊಂಡರು.

"ಮತ್ತೆ? ನಿಮ್ಮ ಅಭಿಪ್ರಾಯ ಎಂತ?"

ಎಲ್ಲರೂ ನನ್ನನ್ನು ನೋಡಿದರು. ಸುಲೋಚನ ಸೆರಗಿನ ತುದಿ ಹಿಂಡುತ್ತಿದ್ದಳು. ನಾನು ಬಾಯಿ ತೆರೆಯುವುದಕ್ಕೂ, ಚಹಾ ತಂದ ವಾರಿಜ ನಡುವೆ ಬಾಯಿ ಹಾಕುವುದಕ್ಕೂ ಸರಿಹೋಯಿತು.

"ಒಂದು ನಿಮಿಷ. ನನಗೊಂದು ಸಂಶಯ ಉಂಟು. ಕೋರ್ಟಿನಲ್ಲಿ ಆ ಹೆಂಗಸು ಗಂಡನನ್ನು ನೋಡಿ ನಗಾಡಿದ್ದು ಯಾಕೆ?"

ಹುಡುಗ ತಲೆ ಎತ್ತಿದ. ಆ ಮುಖದಲ್ಲಿ ಮೊದಲ ಬಾರಿಗೆ ಜೀವ ಕಂಡಿತು. "ಪ್ರೀತಿಯಿಂದ ಆಂಟಿ. ಸಾಯುವಾಗಲೂ ಜೊತೆಗೇ ಇದ್ದೇವಲ್ಲ ಅಂತ. ಮೊದಲನೆಯ ಸಿನಿಮಾದಲ್ಲಿ ಅದು ಎಷ್ಟು ಚೆಂದ ಬಂದಿದೆ!"

"ಎಂತ ಪ್ರೀತಿ ಮಾರಾಯ!" ತಟ್ಟೆ ಹಿಡಿದಿದ್ದ ದೀಕ್ಷಾ ತಿರುಗಿಬಿದ್ದಳು. "ಇನ್ನು ಇವನಿಗೆ ಬೇಯಿಸಿ ಹಾಕುವುದು ತಪ್ಪಿತಲ್ಲ ಅಂತ ಖುಷಿಯಲ್ಲಿ ನಗಾಡಿದ್ದು. ಆ ಮೊದಲನೆಯದನ್ನು ನನ್ನ ಹತ್ತಿರ ಹೊಗಳಬೇಡ. ಉಣ್ಣೆ ಹೆಣೆಯುವುದು ಬಿಟ್ಟು ಎಂತ ಮಾಡಿದ್ದಾಳೆ ಅವಳು ಅದರಲ್ಲಿ? ಎರಡನೆಯದರಲ್ಲಾದರೂ ಅವಳಿಗೆ ತಲೆ ಉಂಟು."

"ಲಿಪ್‌ಸ್ಟಿಕ್ ಉಂಟು, ತಲೆ ಇಲ್ಲ."

"ನಿನಗೆ ಸಿನಿಮಾ ನೋಡ್ಲಿಕ್ಕೆ ಬರುವುದಿಲ್ಲ!"

"ನನಗೆ ಬರುವುದಿಲ್ಲವಾ? ನಿನ್ನೆ ಅಂಕಲ್ ಹತ್ತಿರ ಆ ಕತ್ತಲೆಯ ಸಿನಿಮಾ ಒಳ್ಳೆಯದು ಅಂತ ಸುಳ್ಳು ಹೇಳಿಸಿದ್ದು ಯಾರು? ಮಾಮನಿಗೆ ಶಿಸ್ತು ಅಂದ್ರೆ ಇಷ್ಟ, ಶಿಸ್ತು ಅಂತ ಹೇಳು, ಇಬ್ಬರೂ ಒಂದೇ ಹೇಳುವ, ಆಗ ಖುಷಿಯಾಗ್ತಾರೆ ಅಂತ ಬಾಯಿಪಾಠ ಮಾಡಿಸಿದ್ದು ಯಾರು?"

ದೀಕ್ಷಾಳ ಕೈಯ ತಟ್ಟೆಯಲ್ಲಿ ಗೋಳಿಬಜೆಗಳು ಒಂದು ಬದಿಗೆ ಉರುಳಿದವು. ಅವಳು ನನ್ನನ್ನು ನೋಡಿ, ಅವನನ್ನು ನೋಡಿ, ಮತ್ತೆ ನನ್ನನ್ನು ನೋಡಿದಳು. ಹುಡುಗನಿಗೆ ತಾನು ಏನು ಹೇಳಿದೆನೆಂದು ಆಗ ಗೊತ್ತಾಯಿತು. ಅವನ ಅಮ್ಮ ಕಣ್ಣು ಮುಚ್ಚಿಕೊಂಡರು. ಸುಲೋಚನಳ ಮುಖ ಮಾತ್ರ ನಿಧಾನವಾಗಿ ಅರಳತೊಡಗಿತು. ಮಾತು ಮುರಿಯಿತು ಎಂದೇ ಅವಳ ಲೆಕ್ಕ.

ನಾನು ಹೇಳಿದೆ, "ಆಗಬಹುದು."

"ಅಣ್ಣ!"

"ಆಗಬಹುದು ಎಂದೆ. ಧಾರಾಳವಾಗಿ ಆಗಬಹುದು."

"ಜಗಳ ಮಾಡ್ತಾರಲ್ಲ ಅಣ್ಣ, ಎಲ್ಲರ ಎದುರೇ! ನೀನು ನೋಡಲಿಲ್ಲವಾ?"

"ನೋಡಿದೆ. ಅದಕ್ಕೇ ಹೇಳಿದ್ದು. ನೀನು ಆ ಸಿನಿಮಾಗಳನ್ನು ನೋಡಿಲ್ಲ, ನಾನು ಮೂರನ್ನೂ ನೋಡಿದ್ದೇನೆ. ಉಳಿದದ್ದೆಲ್ಲ ಒಂದೊಂದರಲ್ಲಿ ಒಂದೊಂದು ತರ. ಒಂದು ವಿಷಯ ಮಾತ್ರ ಮೂರರಲ್ಲೂ ಒಂದೇ. ಆ ಗಂಡ ಹೆಂಡತಿ ಒಮ್ಮೆಯೂ ಜಗಳ ಮಾಡುವುದಿಲ್ಲ. ಯಾರನ್ನು ಕೊಲ್ಲುವುದು, ಯಾವತ್ತು, ಯಾವ ಕೋಣೆಯಲ್ಲಿ, ಎಲ್ಲದಕ್ಕೂ ಇವನು ಹೇಳಿದರೆ ಅವಳು ಹೂಂ, ಅವಳು ಹೇಳಿದರೆ ಇವನು ಹೂಂ. ಈ ಇಬ್ಬರು ಒಂದು ನಗುವಿನ ಮೇಲೆ ಒಪ್ಪುವುದಿಲ್ಲ. ಇವರಿಂದ ಕೂಡಿ ಒಂದು ಜಿರಳೆ ಕೊಲ್ಲಲಿಕ್ಕೆ ಆಗಲಿಕ್ಕಿಲ್ಲ."

ಹುಡುಗನ ಮಾವ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ದೇಹವಿಡೀ ಕುಲುಕುವಂತೆ ನಕ್ಕರು. "ನೀವು ಹೇಳಿದ್ದು ಸರಿ. ನಮ್ಮ ಲಾಡ್ಜಿಗೆ ಬರುವ ಗಂಡ ಹೆಂಡತಿಯರಿಗೆ ಎಸಿ ರೂಮು ಬೇಕಾ ಫ್ಯಾನು ಸಾಕಾ ಅಂತ ಕೌಂಟರಿನಲ್ಲೇ ಅರ್ಧ ಗಂಟೆ ಆಗ್ತದೆ. ಇನ್ನು ಅವರು ಯಾರನ್ನು ಕೊಲ್ಲುವುದು ಮಾರಾಯ್ರೆ!"

ದೀಕ್ಷಾ ತಟ್ಟೆಯನ್ನು ಎಲ್ಲಿ ಇಡುವುದೆಂದು ತಿಳಿಯದೆ ಹುಡುಗನ ಕೈಗೇ ಕೊಟ್ಟು ಒಳಗೆ ಓಡಿದಳು. ಅವನು ಅದನ್ನು ಹಿಡಿದುಕೊಂಡು ನಮ್ಮೆಲ್ಲರ ಮುಂದೆ ಒಂದು ಸುತ್ತು ಬಂದ, ಬಡಿಸಿದ. ಲಾಡ್ಜಿನವರ ಮಗ. ಅಷ್ಟು ಗೊತ್ತಿತ್ತು. ಸುಲೋಚನ ಮೊದಲು ಅತ್ತಳು, ಆಮೇಲೆ ಒಂದು ಗೋಳಿಬಜೆ ತಿಂದಳು, ಆಮೇಲೆ ಹಾಲ್ ಯಾವಾಗ ಸಿಗಬಹುದು ಎಂದು ಅವನ ಅಮ್ಮನನ್ನು ಕೇಳಿದಳು. ಹುಡುಗನ ಚಿಕ್ಕಮ್ಮ ಒಂದು ಹಾಲ್ ಹೇಳಿದರು, ಅಮ್ಮ ಇನ್ನೊಂದು ಹೇಳಿದರು, ಸುಲೋಚನ ಮೂರನೆಯದು ಹೇಳಿದಳು. ನನಗೆ ಬಹಳ ನೆಮ್ಮದಿಯಾಯಿತು.

ಪುರಾಣಿಕರ ಕಾರಣ ನನಗೆ ಹೊಳೆದದ್ದು ಆವಾಗ. ಲೋಕದಲ್ಲಿ ಇಷ್ಟೊಂದು ದಂಪತಿಗಳಿದ್ದಾರೆ. ಎಲ್ಲರಿಗೂ ಆಗದವರು ಯಾರಾದರೂ ಇದ್ದೇ ಇರುತ್ತಾರೆ. ಅಡಿಗೆಮನೆಯಲ್ಲಿ ಕತ್ತಿ ಉಂಟು, ಮನೆಗೆ ನೆಂಟರು ಬರುತ್ತಾರೆ, ಬಂದವರು ಬೇಗ ಹೋಗುವುದಿಲ್ಲ. ಆದರೂ ಇಂಥ ಸಿನಿಮಾಕ್ಕೆ ವಸ್ತುವಾದ ಜೋಡಿಗಳು ಬೆರಳೆಣಿಕೆಯಷ್ಟು. ಇದಕ್ಕೆ ನಾವು ಪೊಲೀಸರನ್ನು ಹೊಗಳುತ್ತೇವೆ, ಸಂಸ್ಕೃತಿಯನ್ನು ಹೊಗಳುತ್ತೇವೆ. ಹೊಗಳಬೇಕಾದ್ದು ಇವತ್ತಿನ ಮೀನು ಬಂಗುಡೆಯೋ ಬೂತಾಯಿಯೋ ಎಂಬ ಚರ್ಚೆಯನ್ನು, ಕಿಟಕಿ ತೆರೆದಿಡಬೇಕೋ ಮುಚ್ಚಬೇಕೋ ಎಂಬ ವಾದವನ್ನು. ಕೊಲೆಗೆ ಬೇಕಾದ ಕೋಪ ಎಲ್ಲ ಮನೆಯಲ್ಲೂ ಉಂಟು. ಅದಕ್ಕೆ ಬೇಕಾದ ಒಮ್ಮತ ಎಲ್ಲಿಂದ ತರುವುದು?

ಸಂಜೆ ಎಲ್ಲರೂ ಹೋದರು. ಲೋಟಗಳನ್ನು ಒಳಗಿಟ್ಟು ಬಂದು ವಾರಿಜ ನನ್ನ ಪಕ್ಕ ಕೂತಳು. "ಇವತ್ತು ನೀವು ಹೇಳಿದ್ದು ಒಳ್ಳೆಯದಾಯಿತು" ಎಂದಳು. ನಾನೂ ಹಾಗೆಯೇ ಅಂದುಕೊಳ್ಳುತ್ತಿದ್ದೆ. ಮತ್ತೆ ಅವಳೇ ಅಂದಳು, "ಏನೇ ಹೇಳಿ, ಆ ಮೂರರಲ್ಲಿ ಮೊದಲನೆಯದೇ ಚೆಂದ. ಅಲ್ವಾ?"

ಅದು ಅಕ್ಷರಶಃ ನನ್ನ ಅಭಿಪ್ರಾಯ. ಒಂದೇ ಸಂಜೆಯಲ್ಲಿ ಇದು ಎರಡನೆಯ ಸಲ. ನಾನು ಅವಳ ಕಡೆ ನೋಡಿದೆ. ಅವಳೂ ನನ್ನನ್ನೇ ನೋಡುತ್ತಿದ್ದಳು, ಮುಗುಳ್ನಗುತ್ತಿದ್ದಳು. ಎದುರು ಫ್ಲ್ಯಾಟಿನವರು ಟಿವಿಯನ್ನು ಜೋರಾಗಿ ಇಟ್ಟಿದ್ದರು. ಅದು ನಮ್ಮಿಬ್ಬರಿಗೂ ಇಷ್ಟವಿಲ್ಲದ ಸಂಗತಿ.

"ಛೆ, ಮೊದಲನೆಯದು ಎಂಥದು?" ಎಂದೆ ಗಟ್ಟಿಯಾಗಿ. "ನನಗೆ ಎರಡನೆಯದೇ ಇಷ್ಟ."

"ಆ ಲಿಪ್‌ಸ್ಟಿಕ್‌ನವಳಾ? ಈ ವಯಸ್ಸಿನಲ್ಲಿ ನಿಮಗೆ ಎಂತ ಆಗಿದೆ?" ಎಂದು ಶುರು ಮಾಡಿದಳು. ಊಟಕ್ಕೆ ಕೂರುವ ತನಕ ನಿಲ್ಲಿಸಲಿಲ್ಲ. 

ಎದುರು ಫ್ಲ್ಯಾಟಿನವರು ಇವತ್ತಿಗೂ ಕ್ಷೇಮವಾಗಿದ್ದಾರೆ.